ಆರು ತಿಂಗಳ ಬೆಳ್ಳಿ

ಬರ್ಲಿನ್ನಿನ ಬೋಡೆ ಮ್ಯೂಸಿಯಂ ಇರುವುದು ಸ್ಪ್ರೇ ನದಿಯ ಎರಡು ಕವಲುಗಳ ನಡುವಿನ ದ್ವೀಪದ ತುದಿಯಲ್ಲಿ. 1904ರಲ್ಲಿ ಬಾಗಿಲು ತೆರೆದ ಆ ಗುಮ್ಮಟದ ಕಟ್ಟಡಕ್ಕೆ ಬರುವವರಲ್ಲಿ ಬಹುಪಾಲು ಜನ ಶಿಲ್ಪಗಳನ್ನು ನೋಡಿಕೊಂಡು ಹೊರಟುಬಿಡುತ್ತಾರೆ. ಮೇಲಂತಸ್ತಿನ ನಾಣ್ಯ ವಿಭಾಗದವರೆಗೆ ಹತ್ತುವವರು ಕಡಿಮೆ. 5 ಲಕ್ಷಕ್ಕೂ ಹೆಚ್ಚು ವಸ್ತುಗಳಿರುವ ಈ ಸಂಗ್ರಹದ ಹೆಸರು ಹೊರಜಗತ್ತಿಗೆ ಹೆಚ್ಚು ತಿಳಿದದ್ದು 2017ರ ಕಳ್ಳತನದಿಂದ. 100 ಕಿಲೋ ತೂಕದ ಕೆನಡಾದ ಚಿನ್ನದ ನಾಣ್ಯವೊಂದನ್ನು ಕಳ್ಳರು ಇಲ್ಲಿಂದಲೇ ಹೊತ್ತೊಯ್ದಿದ್ದರು. ನಾನು ಹುಡುಕಿಕೊಂಡು ಹೋದದ್ದು ಒಂದು ಗ್ರಾಂ ಕೂಡ ತೂಗದ ಬೆಳ್ಳಿಯನ್ನು.

ಗಾಜಿನ ಹಿಂದೆ ಅದು ಸಿಕ್ಕಿತು. ಸುಮಾರು 3 ಸೆಂಟಿಮೀಟರ್ ಅಗಲದ ದುಂಡನೆಯ ಬೆಳ್ಳಿ ಹಾಳೆ. ನಡುವೆ ಮೊಣಕಾಲೂರಿದ ಒಬ್ಬ ಮನುಷ್ಯ, ಆಚೀಚೆ ಕೈಯೆತ್ತಿ ಕಲ್ಲು ಬೀಸುತ್ತಿರುವವರು, ಮೇಲಿನಿಂದ ಇಳಿದುಬಂದಿರುವ ದೇವರ ಕೈ. ಕ್ರೈಸ್ತರ ಮೊದಲ ಹುತಾತ್ಮ ಸಂತ ಸ್ಟೀಫನ್ನನನ್ನು ಜೆರುಸಲೇಮಿನ ಹೊರಗೆ ಕಲ್ಲೆಸೆದು ಕೊಂದ ಪ್ರಸಂಗ ಇದು. ಹಾಲ್ಬರ್‌ಷ್ಟಾಟ್ ಎಂಬ ಊರಿನ ಬಿಷಪ್ ಉಲ್ರಿಖ್ 12ನೆಯ ಶತಮಾನದ ನಡುವಿನಲ್ಲಿ ಇದನ್ನು ಟಂಕಿಸಿದ. ಕಲ್ಲೆತ್ತಿದವನ ತೋಳಿನ ಬಿಗುವು, ಬಟ್ಟೆಯ ನೆರಿಗೆ, ಬಾಗಿದ ಬೆನ್ನು ಎಲ್ಲವೂ ಸ್ಪಷ್ಟ. ಉಗುರಿನಷ್ಟು ಜಾಗದಲ್ಲಿ ಒಂದು ಸಾವಿನ ಪೂರ್ತಿ ಕಥೆಯನ್ನು ಕೂರಿಸಿದ ಆ ಅಚ್ಚಿನ ಕೆಲಸಗಾರನ ಹೆಸರು ಎಲ್ಲಿಯೂ ಇಲ್ಲ. ಇದು ದೇವರ ಮನೆಯಲ್ಲಿಡುವ ಪ್ರತಿಮೆಯಲ್ಲ, ಸಂತೆಯಲ್ಲಿ ಕೈಯಿಂದ ಕೈಗೆ ದಾಟುವ ದುಡ್ಡು. ಅದರ ಆಯುಸ್ಸು ಹೆಚ್ಚೆಂದರೆ ಕೆಲವು ತಿಂಗಳು. ಇಷ್ಟು ಅಲ್ಪಾಯುವಾದ ದುಡ್ಡಿಗೆ ಇಷ್ಟೊಂದು ಕಲೆಯನ್ನು ಯಾಕೆ ಸುರಿದರು? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಬರ್ಲಿನ್ನಿನಿಂದ ಪಶ್ಚಿಮಕ್ಕೆ, ಎಲ್ಬೆ ನದಿ ದಾಟಿ ಹಾರ್ಟ್ಸ್ ಬೆಟ್ಟಗಳ ಕಡೆಗೆ ಹೊರಟೆ.

ಈ ನಾಣ್ಯಗಳನ್ನು ಈಗ ಬ್ರಾಕ್ಟಿಯೇಟ್ ಎನ್ನುತ್ತಾರೆ. ಬಳಸುತ್ತಿದ್ದ ಜನಕ್ಕೆ ಅದು ಬರೀ ಫೆನಿಗ್. ನಮ್ಮ ದೇವಸ್ಥಾನಗಳ ಮುಂದೆ ಹರಕೆಗೆಂದು ಕಣ್ಣು, ಕೈಕಾಲು, ತೊಟ್ಟಿಲುಗಳ ಅಚ್ಚೊತ್ತಿದ ಬೆಳ್ಳಿ ತಗಡು ಮಾರುತ್ತಾರಲ್ಲ, ಬ್ರಾಕ್ಟಿಯೇಟಿನ ರಚನೆಯೂ ಹೆಚ್ಚುಕಡಿಮೆ ಅದೇ. ಬೆಳ್ಳಿಯನ್ನು ಬಡಿದು ಬಡಿದು ತೆಳುವಾದ ಹಾಳೆ ಮಾಡುವುದು, ದುಂಡಗೆ ಕತ್ತರಿಸುವುದು, ತೊಗಲಿನಂಥ ಮೆತ್ತನೆಯ ಆಸರೆಯ ಮೇಲಿಟ್ಟು ಒಂದೇ ಅಚ್ಚಿನಿಂದ ಹೊಡೆಯುವುದು. ಮುಂಭಾಗದಲ್ಲಿ ಉಬ್ಬಿದ ಚಿತ್ರ ಹಿಂಭಾಗದಲ್ಲಿ ತಗ್ಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಎರಡು ಮುಖದ ದಪ್ಪ ನಾಣ್ಯಕ್ಕಿಂತ ಇದರ ಅಗಲ ಹೆಚ್ಚು, ಹಾಗಾಗಿ ಚಿತ್ರಕ್ಕೆ ಜಾಗವೂ ಹೆಚ್ಚು. ಆದರೆ ಗಟ್ಟಿಯಾಗಿ ಹಿಡಿದರೆ ಬಾಗುತ್ತದೆ, ಅಜಾಗರೂಕತೆಯಿಂದ ಚೀಲದಲ್ಲಿ ತುರುಕಿದರೆ ಅಂಚು ಮುರಿಯುತ್ತದೆ. ಹತ್ತಾರು ವರ್ಷ ಚಲಾವಣೆಯಲ್ಲಿ ಇರಬೇಕಾದ ನಾಣ್ಯವನ್ನು ಯಾರೂ ಹೀಗೆ ಮಾಡುವುದಿಲ್ಲ.

ಮಾಗ್ಡೆಬುರ್ಗ್ ನಿಲ್ದಾಣದಿಂದ ಕೆಥೆಡ್ರಲ್ಲಿಗೆ ನಡೆದೇ ಹೋಗಬಹುದು. ದಾರಿಯುದ್ದಕ್ಕೂ ಹೊಸ ಕಟ್ಟಡಗಳು. 1631ರಲ್ಲಿ ಚಕ್ರವರ್ತಿಯ ಕಡೆಯ ಸೈನ್ಯ ಈ ಊರನ್ನು ಸುಟ್ಟು ಸುಮಾರು 20,000 ಜನರನ್ನು ಬಲಿ ತೆಗೆದುಕೊಂಡಿತು. 1945ರ ಜನವರಿಯಲ್ಲಿ ಬಾಂಬುಗಳು ಮತ್ತೊಮ್ಮೆ ಸುಟ್ಟವು. ಹಳೆಯದಾಗಿ ಉಳಿದದ್ದು ಎಂದರೆ ಮುಖ್ಯವಾಗಿ ಈ ಕೆಥೆಡ್ರಲ್. ಅದೂ ಇಲ್ಲಿ ಬ್ರಾಕ್ಟಿಯೇಟುಗಳನ್ನು ಹೊಡೆಸಿದ ವಿಖ್‌ಮನ್ ಕಾಲದ್ದಲ್ಲ. ಹಿಂದಿನ ದೇಗುಲ 1207ರಲ್ಲಿ ಬೆಂಕಿಗೆ ಸಿಕ್ಕಿತು, ಈಗಿನದರ ಕೆಲಸ 1209ರಲ್ಲಿ ಶುರುವಾಯಿತು.

ವಿಖ್‌ಮನ್ ಎಂದರೆ 1152ರಿಂದ 1192ರವರೆಗೆ, ಪೂರಾ 40 ವರ್ಷ, ಮಾಗ್ಡೆಬುರ್ಗಿನ ಆರ್ಚ್‌ಬಿಷಪ್ ಆಗಿದ್ದವನು. ಜರ್ಮನಿಯ ನಾಣ್ಯಗಳ ಕಥೆಯಲ್ಲಿ ಅವನ ಹೆಸರು ಬಿಟ್ಟರೆ ಕಥೆಯೇ ಇಲ್ಲ. ಅವನನ್ನು ಬರೀ ಮಠಾಧಿಪತಿ ಎಂದುಕೊಂಡರೆ ಆ ಕಾಲ ಅರ್ಥವಾಗುವುದಿಲ್ಲ. 10ನೆಯ ಶತಮಾನದಿಂದಲೂ ಜರ್ಮನ್ ಚಕ್ರವರ್ತಿಗಳು ಭೂಮಿ, ಸಂತೆ, ಸುಂಕ, ಟಂಕಸಾಲೆಗಳ ಹಕ್ಕನ್ನು ಬಿಷಪ್ಪರಿಗೆ ಕೊಡುತ್ತ ಬಂದಿದ್ದರು. ಬಿಷಪ್ಪನಿಗೆ ಮಕ್ಕಳಿಲ್ಲ, ಸತ್ತ ಮೇಲೆ ಆಸ್ತಿ ವಂಶಕ್ಕೆ ಹೋಗುವುದಿಲ್ಲ, ಮುಂದಿನವನನ್ನು ಆರಿಸುವಾಗ ಅರಮನೆಯ ಮಾತಿಗೂ ಬೆಲೆಯಿರುತ್ತದೆ ಎಂಬ ಲೆಕ್ಕಾಚಾರ. ಮಾಗ್ಡೆಬುರ್ಗಿನ ಮಠಕ್ಕೆ ಒಂದನೆಯ ಒಟ್ಟೊ 965ರಲ್ಲೇ ಸಂತೆ ಮತ್ತು ಟಂಕಸಾಲೆಯ ಹಕ್ಕು ಕೊಟ್ಟ, ಹಾಲ್ಬರ್‌ಷ್ಟಾಟ್ ಬಿಷಪ್ಪನಿಗೆ ಅದು ಸಿಕ್ಕಿದ್ದು 989ರಲ್ಲಿ. 1220ರಲ್ಲಿ ಎರಡನೆಯ ಫ್ರೆಡರಿಕ್ ಬಿಷಪ್ಪರ ನೆಲದಲ್ಲಿ ಅವರ ಒಪ್ಪಿಗೆಯಿಲ್ಲದೆ ಹೊಸ ಟಂಕಸಾಲೆ ತೆರೆಯುವುದಿಲ್ಲ ಎಂದು ಬರೆದುಕೊಟ್ಟ. ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಧರ್ಮಗ್ರಂಥ ಹಿಡಿದು ಸಿಂಹಾಸನದ ಮೇಲೆ ಕೂತ ಬಿಷಪ್ಪನ ಚಿತ್ರ ನಾಣ್ಯಗಳಲ್ಲಿ ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ. ಅವನು ಪೂಜೆಯನ್ನೂ ನಡೆಸುತ್ತಿದ್ದ, ದಂಡೆತ್ತಿಯೂ ಹೋಗುತ್ತಿದ್ದ. 1157ರಲ್ಲಿ ಬ್ರಾಂಡೆನ್‌ಬುರ್ಗ್ ಕೋಟೆಯನ್ನು ಗೆದ್ದ ದಂಡಿನಲ್ಲಿ ವಿಖ್‌ಮನ್ ಇದ್ದ. 1188ರಲ್ಲಿ ಮಾಗ್ಡೆಬುರ್ಗಿನ ನಗರ ಕಾನೂನನ್ನು ತಿದ್ದಿ ಸರಳಗೊಳಿಸಿದವನೂ ಅವನೇ. ಆ ಕಾನೂನು ಮುಂದೆ ಪೂರ್ವ ಯೂರೋಪಿನ ಎಷ್ಟೋ ಊರುಗಳಿಗೆ ಹಬ್ಬಿತು.

ಅವನ ಕಾಲದಲ್ಲಿ ಮಾಗ್ಡೆಬುರ್ಗಿನ ಫೆನಿಗ್ ವರ್ಷಕ್ಕೆ ಎರಡು ಸಲ ಸಾಯುತ್ತಿತ್ತು. ಗೊತ್ತಾದ ದಿನ ಹಳೆಯ ನಾಣ್ಯ ನಡೆಯುವುದಿಲ್ಲ ಎಂದು ಸಾರುತ್ತಿದ್ದರು. ಜನ ಸಂತೆಯಲ್ಲಿದ್ದ ಚಿನಿವಾರರ ಮೇಜಿಗೆ ಹಳೆಯದನ್ನು ತಂದು ಹೊಸದನ್ನು ಪಡೆಯಬೇಕು. 12 ಹಳೆಯವನ್ನು ಕೊಟ್ಟರೆ 9 ಹೊಸವು. ಉಳಿದ 3 ಬಿಷಪ್ಪನ ಬೊಕ್ಕಸಕ್ಕೆ. ಹಳೆಯ ಬೆಳ್ಳಿ ಕುಲುಮೆಗೆ ಹೋಗಿ, ಬೇರೆ ಚಿತ್ರ ಹೊತ್ತು ಹೊರಗೆ ಬರುತ್ತಿತ್ತು. ವಟ್ಟ ಹಿಡಿದು ನಾಣ್ಯ ಬದಲಿಸುವ ಪದ್ಧತಿ ಬೇರೆ ಕಡೆಯೂ ಇತ್ತು, ಆದರೆ ನಾಲ್ಕರಲ್ಲಿ ಒಂದು ಪಾಲು ದೊಡ್ಡ ವಟ್ಟ. ಲೆಕ್ಕ ಹಾಕಿ ನೋಡಿ: ವರ್ಷದ ಆರಂಭದಲ್ಲಿ 16 ಫೆನಿಗ್ ಕಟ್ಟಿಟ್ಟುಕೊಂಡವನ ಕೈಯಲ್ಲಿ ಮೊದಲ ಬದಲಾವಣೆಯಾದ ಮೇಲೆ 12, ಎರಡನೆಯದಾದ ಮೇಲೆ 9.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ನಡೆಯುವುದಿಲ್ಲ ಎಂಬ ಸುದ್ದಿ ಕೇಳಿದ ನಮಗೆ ಆ ಸಾಲು, ಆ ತಳಮಳ ಹೊಸದಲ್ಲ. ಆದರೂ ನಮ್ಮಲ್ಲಿ ಬ್ಯಾಂಕಿಗೆ ಕಟ್ಟಿದ 500ಕ್ಕೆ 500 ಲೆಕ್ಕಕ್ಕೆ ಬರುತ್ತಿತ್ತು, ಅದು ವರ್ಷಕ್ಕೆರಡು ಸಲ ಆಗುವಂಥದ್ದೂ ಅಲ್ಲ. ಮಾಗ್ಡೆಬುರ್ಗಿನ ಕೂಲಿಯವನಿಗೆ ಅದು ಬೇಸಿಗೆ ಚಳಿಗಾಲಗಳ ಹಾಗೆ ಮರುಕಳಿಸುತ್ತಿದ್ದ ಸಂಗತಿ.

ನಾಣ್ಯ ತೆಳುವಾಗಿದ್ದದ್ದಕ್ಕೂ ಚಿತ್ರ ಚೆಂದವಾಗಿದ್ದದ್ದಕ್ಕೂ ಕಾರಣ ಇಲ್ಲೇ ಇದೆ. ಆರು ತಿಂಗಳಿಗೆ ಕರಗಿಸುವ ನಾಣ್ಯ ಗಟ್ಟಿಯಾಗಿರಬೇಕಿಲ್ಲ. ಆದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಅಕ್ಷರ ಬಾರದ ರೈತನಿಗೂ, ಸುಂಕದ ಕಟ್ಟೆಯ ಕಾವಲುಗಾರನಿಗೂ ಒಂದೇ ನೋಟಕ್ಕೆ ಗೊತ್ತಾಗಬೇಕು. ಕಳೆದ ಸಲ ಕೂತಿದ್ದ ಬಿಷಪ್ ಈ ಸಲ ನಿಲ್ಲಬೇಕು, ಕಳೆದ ಸಲ ಇದ್ದ ಗೋಪುರದ ಜಾಗದಲ್ಲಿ ಈ ಸಲ ಕಮಾನು ಬರಬೇಕು. ಹಾಗಾಗಿ ಅಚ್ಚು ಕೊರೆಯುವವನಿಗೆ ಬಿಡುವೇ ಇರಲಿಲ್ಲ. ತೆರಿಗೆ ವಸೂಲಿಯ ಯಂತ್ರ ನಿರಂತರವಾಗಿ ತಿರುಗಿದ್ದರಿಂದಲೇ ಒಬ್ಬ ಕಲಾವಿದನ ಕೈ ವರ್ಷಾನುಗಟ್ಟಲೆ ಪಳಗಿತು. ಬರ್ಲಿನ್ನಿನಲ್ಲಿ ನಾನು ಮೆಚ್ಚಿ ನಿಂತ ಆ ಸೌಂದರ್ಯಕ್ಕೆ ಹಣ ಹೊಂದಿಸಿದವರು ಚಿನಿವಾರನ ಮೇಜಿನ ಮುಂದೆ ನಾಲ್ಕು ಕೊಟ್ಟು ಮೂರು ಪಡೆದ ಜನ. ಇದು ಗೊತ್ತಾದ ಮೇಲೆ ಚಿತ್ರದ ಚೆಂದ ಕಡಿಮೆಯಾಗಲಿಲ್ಲ, ಆದರೆ ಅದನ್ನು ನೋಡುವಾಗ ಆ ಸಾಲನ್ನು ಮರೆಯಲು ನನ್ನಿಂದ ಆಗುವುದಿಲ್ಲ.

ಕೆಥೆಡ್ರಲ್ಲಿನ ಒಳಗೆ ಒಟ್ಟೊ ಚಕ್ರವರ್ತಿಯ ಸಮಾಧಿಯಿದೆ. ವಿಖ್‌ಮನ್ನನಿಗಿಂತ ಹಿಂದಿನ ಆರ್ಚ್‌ಬಿಷಪ್ ಫ್ರೀಡ್ರಿಖ್‌ನ ಸಮಾಧಿಯ ಮೇಲೆ ಕಂಚಿನ ಫಲಕವಿದೆ. ಬಿಷಪ್ಪನ ದಂಡದ ತುದಿ ಊರಿರುವ ಕಡೆ, ಕಾಲಿನ ಮುಳ್ಳು ಕೀಳುತ್ತ ಕೂತಿರುವ ಬೆರಳುದ್ದದ ಒಬ್ಬ ಪುಟ್ಟ ಮನುಷ್ಯ. ಬಗ್ಗಿ ನೋಡದಿದ್ದರೆ ಕಾಣುವುದೇ ಇಲ್ಲ. 1150ರ ಆಸುಪಾಸಿನಲ್ಲಿ ಈ ಊರಿನ ಕಂಚುಗಾರರ ಕೈಚಳಕಕ್ಕೆ ಎಷ್ಟು ಬೇಡಿಕೆಯಿತ್ತೆಂದರೆ ಈಗ ರಷ್ಯಾದ ನೊವ್‌ಗೊರೊಡ್‌ನ ಸಂತ ಸೋಫಿಯಾ ದೇಗುಲದಲ್ಲಿರುವ ಕಂಚಿನ ಬಾಗಿಲನ್ನೂ ಮಾಡಿದ್ದು ಇಲ್ಲೇ. ಲೋಹದಲ್ಲಿ ಮನುಷ್ಯನ ಮೈಯನ್ನು ಹೀಗೆ ತಿರುಗಿಸಿ ಬಾಗಿಸಬಲ್ಲವರ ಊರಿನಲ್ಲಿ ನಾಣ್ಯದ ಅಚ್ಚು ಸಪ್ಪೆಯಾಗಿರುವುದು ಹೇಗೆ?

ಮಾಗ್ಡೆಬುರ್ಗಿನ ಪೋಷಕ ಸಂತ ಮೌರಿಸ್. ಈಜಿಪ್ಟಿನ ಥೀಬ್ಸ್ ಕಡೆಯಿಂದ ಬಂದ ರೋಮನ್ ದಳವೊಂದರ ನಾಯಕ, ಧರ್ಮಕ್ಕಾಗಿ ಪ್ರಾಣ ಕೊಟ್ಟವನು ಎಂಬುದು ಅವನ ಕಥೆ. ನಾಣ್ಯಗಳಲ್ಲಿ ಅವನು ಕೈಯಲ್ಲಿ ಬಾವುಟ, ಗುರಾಣಿ ಹಿಡಿದು ಗೋಪುರಗಳ ನಡುವೆ ನಿಂತಿರುತ್ತಾನೆ, ಸುತ್ತ ಲ್ಯಾಟಿನ್ನಿನಲ್ಲಿ ಅವನ ಹೆಸರು. ದೇಗುಲದೊಳಗೆ 1240ರ ನಂತರ ಕಡೆದ ಅವನ ಕಲ್ಲಿನ ಶಿಲ್ಪವಿದೆ. ಮೊಣಕಾಲಿನ ಕೆಳಗಿನ ಭಾಗ ಮುರಿದುಹೋಗಿದೆ. ಉಕ್ಕಿನ ಬಲೆಯ ಕವಚದ ಅಂಚಿನೊಳಗಿನಿಂದ ನೋಡುವ ಮುಖ ಆಫ್ರಿಕಾದ ಕಪ್ಪು ಮನುಷ್ಯನದು, ಯಾವ ಉತ್ಪ್ರೇಕ್ಷೆಯೂ ಇಲ್ಲದೆ ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು ಕಡೆದಂತಿದೆ. ಯೂರೋಪಿನ ಈ ಭಾಗದಲ್ಲಿ ಕಪ್ಪು ಮನುಷ್ಯನನ್ನು ಇಷ್ಟು ಗೌರವದಿಂದ, ಇಷ್ಟು ನಿಜವಾಗಿ ತೋರಿಸಿದ ಅಷ್ಟು ಹಳೆಯ ಶಿಲ್ಪ ಇನ್ನೊಂದಿಲ್ಲ ಎನ್ನುತ್ತಾರೆ. ನಾನು ಅಲ್ಲಿ ಬಹಳ ಹೊತ್ತು ನಿಂತೆ. ಹಣದ ಮೇಲೆ ರಾಜನ ಮುಖ ಇರುವುದು ಸಾಮಾನ್ಯ. ಇಲ್ಲಿಯ ಜನ ಉಪ್ಪು ಕೊಳ್ಳುವಾಗ, ಸಾಲ ತೀರಿಸುವಾಗ ಕೈಯಲ್ಲಿ ಹಿಡಿದದ್ದು ದೂರದ ಈಜಿಪ್ಟಿನ ಒಬ್ಬ ಸೈನಿಕನ ಚಿತ್ರವನ್ನು.

ಹಾಲ್ಬರ್‌ಷ್ಟಾಟಿಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಗೋಧಿ, ಸಕ್ಕರೆ ಗೆಡ್ಡೆ ಬೆಳೆಯುವ ಸಪಾಟು ಬಯಲು, ದೂರದಲ್ಲಿ ಹಾರ್ಟ್ಸ್ ಬೆಟ್ಟಗಳ ನೀಲಿ ಗೆರೆ. ಇಷ್ಟು ಸಣ್ಣ ದೂರದಲ್ಲಿ 12ನೆಯ ಶತಮಾನದ ವ್ಯಾಪಾರಿ ಒಂದು ನಾಣ್ಯದ ಸೀಮೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದ. ಮಾಗ್ಡೆಬುರ್ಗಿನ ಮೌರಿಸ್ ಇಲ್ಲಿ ನಡೆಯುವುದಿಲ್ಲ, ಇಲ್ಲಿಯ ಸ್ಟೀಫನ್ ಅಲ್ಲಿ ನಡೆಯುವುದಿಲ್ಲ. ಪ್ರತಿ ಊರಿನ ಸಂತೆಗೂ ಅದರದೇ ದುಡ್ಡು, ಪ್ರತಿ ಹೆಬ್ಬಾಗಿಲಿನಲ್ಲೂ ಒಂದು ವಟ್ಟ. ದೊಡ್ಡ ವ್ಯಾಪಾರಿಗಳು ಇದರಿಂದ ಪಾರಾಗಲು ದಾರಿ ಕಂಡುಕೊಂಡಿದ್ದರು. ಟಂಕಿಸದ ಬೆಳ್ಳಿ ಗಟ್ಟಿಗಳನ್ನು ಮಾರ್ಕ್ ತೂಕದಲ್ಲಿ ತೂಗಿ ಕೊಟ್ಟು ತೆಗೆದುಕೊಳ್ಳುತ್ತಿದ್ದರು, ಗಟ್ಟಿಗೆ ಯಾವ ಬಿಷಪ್ಪನ ಗಡುವೂ ತಟ್ಟುತ್ತಿರಲಿಲ್ಲ. ಮೊಟ್ಟೆ ಮಾರಿ ನಾಲ್ಕು ಫೆನಿಗ್ ಗಂಟು ಕಟ್ಟಿಕೊಂಡ ಹೆಂಗಸಿಗೆ ಆ ದಾರಿ ಇರಲಿಲ್ಲ.

ಹಾಲ್ಬರ್‌ಷ್ಟಾಟ್ ಕೂಡ 1945ರ ಏಪ್ರಿಲ್ 8ರಂದು, ಯುದ್ಧ ಮುಗಿಯಲು ಒಂದು ತಿಂಗಳಷ್ಟೇ ಇರುವಾಗ ಬಾಂಬಿಗೆ ನೆಲಸಮವಾದ ಊರು. ಪೆಟ್ಟು ತಿಂದ ಕೆಥೆಡ್ರಲ್ಲನ್ನು ಮತ್ತೆ ಕಟ್ಟಿದ್ದಾರೆ. ಅದರ ಭಂಡಾರ ಇಡೀ ಯೂರೋಪಿನಲ್ಲೇ ದೊಡ್ಡವುಗಳಲ್ಲಿ ಒಂದು. ಮಂದ ಬೆಳಕಿನ ಕೋಣೆಯಲ್ಲಿ 10 ಮೀಟರ್‌ಗೂ ಉದ್ದದ ಉಣ್ಣೆಯ ಚಿತ್ರಪಟ ತೂಗುತ್ತದೆ. ಅಬ್ರಹಾಮನ ಕಥೆಯನ್ನು ನೇಯ್ದ ಈ ಪಟದ ಕಾಲ ಸುಮಾರು 1150, ಅಂದರೆ ಬಿಷಪ್ ಉಲ್ರಿಖ್ ಸ್ಟೀಫನ್ನನ ಫೆನಿಗ್ ಹೊಡೆಸುತ್ತಿದ್ದ ಕಾಲವೇ. ಅಗಲವಾದ ಕಣ್ಣುಗಳು, ಗೆರೆ ಗೆರೆಯಾಗಿ ಇಳಿಬಿದ್ದ ಬಟ್ಟೆ, ಮಾತಿಗಿಂತ ಹೆಚ್ಚು ಹೇಳುವ ಕೈಗಳು. ಹತ್ತು ಮೀಟರಿನ ಪಟದಲ್ಲೂ ಮೂರು ಸೆಂಟಿಮೀಟರಿನ ಬೆಳ್ಳಿಯಲ್ಲೂ ಅದೇ ಕೈಗಳು. ನೇಯ್ದವರೂ ಕೊರೆದವರೂ ಒಂದೇ ಪೂಜೆಗೆ ಹೋಗುತ್ತಿದ್ದರು, ಒಂದೇ ಗೋಡೆಚಿತ್ರಗಳನ್ನು ನೋಡಿ ಬೆಳೆದಿದ್ದರು ಎಂದು ಊಹಿಸಿಕೊಳ್ಳಲು ನನಗೆ ಕಷ್ಟವಾಗಲಿಲ್ಲ.

ಉಲ್ರಿಖ್‌ನ ಬದುಕು ಅವನ ನಾಣ್ಯದಷ್ಟು ಅಂದವಾಗಿರಲಿಲ್ಲ. 1149ರಲ್ಲಿ ಬಿಷಪ್ ಆದವನು 1160ರಲ್ಲಿ ಪೀಠ ಕಳೆದುಕೊಂಡ. ರೋಮಿನಲ್ಲಿ ಇಬ್ಬರು ಪೋಪರು ಎದ್ದಿದ್ದರು, ಚಕ್ರವರ್ತಿ ಬಾರ್ಬರೋಸ ಹಿಡಿದ ಪೋಪನನ್ನು ಇವನು ಒಪ್ಪಲಿಲ್ಲ. ಅವನ ಜಾಗಕ್ಕೆ ಗೇರೋ ಬಂದ, ಡ್ಯೂಕ್ ಹೈನ್ರಿಖ್‌ನ ಕಡೆಯವನು. ಸಿಂಹ ಎಂದು ಬಿರುದಾಂಕಿತನಾಗಿದ್ದ ಆ ಡ್ಯೂಕ್ ಸುತ್ತಲಿನ ಸೀಮೆಯನ್ನೆಲ್ಲ ನಡುಗಿಸುತ್ತಿದ್ದ. 17 ವರ್ಷದ ನಂತರ, 1177ರಲ್ಲಿ ವೆನಿಸ್ಸಿನಲ್ಲಿ ಚಕ್ರವರ್ತಿಗೂ ಪೋಪನಿಗೂ ರಾಜಿಯಾದಾಗ ಉಲ್ರಿಖ್ ಮರಳಿ ಬಂದ. ಗೇರೋ ಡ್ಯೂಕನಿಗೆ ಬಿಟ್ಟುಕೊಟ್ಟಿದ್ದ ಜಹಗೀರುಗಳನ್ನು ವಾಪಸು ಕೇಳಿದ. ಯುದ್ಧವಾಯಿತು. 1179ರಲ್ಲಿ ಡ್ಯೂಕನ ಸೈನ್ಯ ಹಾಲ್ಬರ್‌ಷ್ಟಾಟನ್ನು ಕೆಥೆಡ್ರಲ್ ಸಮೇತ ಸುಟ್ಟಿತು, ಮುದುಕ ಬಿಷಪ್ಪನನ್ನು ಸೆರೆಹಿಡಿದು ಒಯ್ದಿತು. ಮರುವರ್ಷವೇ ಅವನು ತೀರಿಕೊಂಡ. ಕಲ್ಲೇಟು ತಿನ್ನುವ ಸಂತನನ್ನು ತನ್ನ ದುಡ್ಡಿನ ಮೇಲೆ ಕೊರೆಸಿದಾಗ ಇದೆಲ್ಲ ಇನ್ನೂ ಮುಂದಿತ್ತು. ಗೇರೋ ಪೀಠದಲ್ಲಿದ್ದ ಕಾಲದ ನಾಣ್ಯಗಳೂ ಅಷ್ಟೇ ಸೊಗಸಾಗಿವೆ, ಸ್ಟೀಫನ್ ಅಲ್ಲಿಯೂ ಇದ್ದಾನೆ. ಬಿಷಪ್ಪರು ಬದಲಾದರೂ ಕೊರೆಯುವ ಕೈ ಊರಿನಲ್ಲೇ ಉಳಿದಿರಬೇಕು.

ಇದೇ ಊರಿನ ಬುರ್ಖಾರ್ಡಿ ಎಂಬ ಹಳೆಯ ಚರ್ಚಿನಲ್ಲಿ 2001ರಿಂದ ಒಂದೇ ಸಂಗೀತ ಕೃತಿ ನಡೆಯುತ್ತಿದೆ. ಅಮೆರಿಕದ ಜಾನ್ ಕೇಜ್ ಆರ್ಗನ್ ವಾದ್ಯಕ್ಕೆಂದು ಬರೆದದ್ದು, ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ನುಡಿಸಬೇಕೆಂಬ ಸೂಚನೆಯೊಂದಿಗೆ. ಇಲ್ಲಿಯವರು ಅದನ್ನು 639 ವರ್ಷ ನುಡಿಸಲು ಹೊರಟಿದ್ದಾರೆ, ಮುಗಿಯುವುದು 2640ರಲ್ಲಿ. ಬರಿಗೋಡೆಗಳ ಆ ಜಾಗದಲ್ಲಿ ಒಂದೇ ಸ್ವರಮೇಳ ವರ್ಷಗಟ್ಟಲೆ ಗುಂಯ್‌ಗುಡುತ್ತದೆ. ಆರು ತಿಂಗಳ ದುಡ್ಡನ್ನು ಹುಡುಕಿಕೊಂಡು ಬಂದ ನನಗೆ ಆ ನಾದದ ನಡುವೆ ನಿಂತಾಗ ಕಾಲವನ್ನು ಅಳೆಯುವ ಕೋಲೇ ಕೈಜಾರಿದಂತಾಯಿತು.

ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ಕ್ವೆಡ್ಲಿನ್‌ಬುರ್ಗಿನಲ್ಲಿ ನಾಣ್ಯ ಟಂಕಿಸಿದವರು ಹೆಂಗಸರು. 936ರಲ್ಲಿ ಸ್ಥಾಪನೆಯಾದ ಇಲ್ಲಿಯ ಸ್ತ್ರೀಮಠದ ಮುಖ್ಯಸ್ಥೆ ಬಿಷಪ್ಪರಷ್ಟೇ ಸ್ವತಂತ್ರವಾದ ಅರಸಿ. ಸಂತೆ, ಸುಂಕ, ಟಂಕಸಾಲೆ ಎಲ್ಲ ಅವಳದು. 12ನೆಯ ಶತಮಾನದ ಎರಡನೆಯ ಬಿಯಾಟ್ರಿಸ್, ಮೂರನೆಯ ಆಡೆಲ್‌ಹೈಡ್‌ರ ಬ್ರಾಕ್ಟಿಯೇಟುಗಳಲ್ಲಿ ತಲೆಗೆ ಮುಸುಕು ಹೊದ್ದು ಪೀಠದ ಮೇಲೆ ಕೂತ ಹೆಣ್ಣು ನೇರವಾಗಿ ನಮ್ಮನ್ನು ನೋಡುತ್ತಾಳೆ. ಯಾವ ಗಂಡನ, ಯಾವ ಮಗನ ಹೆಸರಿನ ಆಸರೆಯೂ ಇಲ್ಲದೆ ತನ್ನ ಚಿತ್ರವನ್ನೇ ದುಡ್ಡಿಗೊತ್ತಿದ ಹೆಂಗಸರು ಆ ಕಾಲದಲ್ಲಿ ಎಷ್ಟು ಜನ ಸಿಕ್ಕಾರು?

ಮರದ ತೊಲೆಗಳ ಚೌಕಟ್ಟಿನ ಹಳೆಯ ಮನೆಗಳು 2,000ಕ್ಕೂ ಹೆಚ್ಚಿರುವ ಊರು ಅದು. ಅಲ್ಲಿಯ ಇಳಿಜಾರು ಓಣಿಯೊಂದರ ಹಳೆ ಸಾಮಾನಿನ ಅಂಗಡಿಯಲ್ಲಿ ಕೊನೆಗೂ ಒಂದು ಬ್ರಾಕ್ಟಿಯೇಟ್ ಗಾಜಿಲ್ಲದೆ ಕಣ್ಣೆದುರಿಗೆ ಬಂತು. ಅಂಗಡಿಯವರು ಮಖಮಲ್ಲಿನ ತಟ್ಟೆಯಲ್ಲಿಟ್ಟು, ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿ ನನ್ನ ಅಂಗೈಗೆ ಇಳಿಸಿದರು. ತೂಕವೇ ತಿಳಿಯಲಿಲ್ಲ. ಅಂಗೈಯ ಬಿಸಿ ಮಾತ್ರ ಕ್ಷಣದಲ್ಲಿ ಅದಕ್ಕೆ ಹತ್ತಿತು. ಕಿಟಕಿಯ ಬೆಳಕಿಗೆ ವಾಲಿಸಿದಾಗ ಮಸಿಗಪ್ಪಿನ ನಡುವಿನಿಂದ ಮೊದಲು ಒಂದು ದಂಡ, ಆಮೇಲೆ ಭುಜ, ಆಮೇಲೆ ಕಣ್ಣು ಮೇಲೆದ್ದವು. ಮಗುಚಿ ನೋಡಿದರೆ ಅದೇ ಮನುಷ್ಯನ ಟೊಳ್ಳು ನೆರಳು. ಒಂದು ಕಡೆ ಅಂಚು ಚೂರು ಹಾರಿತ್ತು. ಪಕ್ಕದಲ್ಲಿ ಇನ್ನೊಂದು, ಸರಿಯಾಗಿ ನಡುವೆ ಕತ್ತರಿಸಿದ ಅರ್ಧ ನಾಣ್ಯ. ಒಡೆದದ್ದಲ್ಲ, ಚಿಲ್ಲರೆಗಾಗಿ ಆ ಕಾಲದವರೇ ಕತ್ತರಿಸಿದ್ದು ಎಂದು ಅವರು ಹೇಳಿದರು. ಬಿಷಪ್ಪನ ಎದೆಯ ಮೇಲೆ ಕತ್ತರಿ ಆಡಿಸಿದ ಆ ಯಾವನೋ ಸಂತೆಯ ಮನುಷ್ಯನಿಗೆ ಬೇಕಿದ್ದದ್ದು ಅರ್ಧ ಫೆನಿಗ್ಗಿನ ರೊಟ್ಟಿಯೋ ಬಿಯರೋ ಅಷ್ಟೇ.

ಈ ನಾಣ್ಯ ನನ್ನ ಅಂಗೈಗೆ ಬಂದದ್ದಾದರೂ ಹೇಗೆ ಎಂದು ಹೊರಗೆ ಬಂದ ಮೇಲೂ ತಲೆಯೊಳಗೆ ಓಡುತ್ತಿತ್ತು. ಗಡುವಿಗೆ ಸರಿಯಾಗಿ ಚಿನಿವಾರನ ಮೇಜಿಗೆ ಹೋದ ನಾಣ್ಯಗಳೆಲ್ಲ ಕರಗಿಹೋದವು. ಇವತ್ತು ಜಗತ್ತಿನ ಮ್ಯೂಸಿಯಂಗಳಲ್ಲಿ ಇರುವ ಬ್ರಾಕ್ಟಿಯೇಟುಗಳು ಆ ಮೇಜನ್ನು ತಪ್ಪಿಸಿಕೊಂಡವು. 1860ರಲ್ಲಿ ಹಾರ್ಟ್ಸ್‌ನ ಪೂರ್ವಕ್ಕೆ ಫ್ರೆಕ್ಲೆಬೆನ್ ಎಂಬ ಹಳ್ಳಿಯಲ್ಲಿ ಒಂದು ದೊಡ್ಡ ಗಂಟು ಸಿಕ್ಕಿತು. ಹಾಲ್ಬರ್‌ಷ್ಟಾಟ್, ಮಾಗ್ಡೆಬುರ್ಗಿನ ಅತ್ಯುತ್ತಮ ನಾಣ್ಯಗಳಲ್ಲಿ ಹಲವು ನಮಗೆ ದೊರೆತದ್ದು ಅಂಥ ಗಂಟುಗಳಿಂದಲೇ. ಹೂತಿಟ್ಟವನು ಯಾರು? ಯುದ್ಧಕ್ಕೆ ಹೆದರಿದವನೋ, ನಾಲ್ಕು ಕೊಟ್ಟು ಮೂರು ಪಡೆಯಲು ಒಲ್ಲದವನೋ, ಬೆಳ್ಳಿ ಬೆಳ್ಳಿಯೇ ಅಲ್ಲವೇ ಎಂದು ಇಟ್ಟುಕೊಂಡವನೋ. ಅವನು ಮರಳಿ ಬಂದು ಅಗೆಯಲಿಲ್ಲ ಎಂಬುದೊಂದು ಮಾತ್ರ ಖಂಡಿತ. ಅವನಿಗೆ ಏನಾಯಿತೋ ಎಂಬ ಸಂಕಟದ ಜೊತೆಗೇ ಆ ಕಲೆಯನ್ನು ನಾವು ನೋಡುತ್ತಿದ್ದೇವೆ.

ಇದೇ ಸೀಮೆಯ ಐಕೆ ಫಾನ್ ರೆಪ್ಗೋವ್ ಎಂಬಾತ 1220ರ ನಂತರದ ವರ್ಷಗಳಲ್ಲಿ ಸ್ಯಾಕ್ಸನ್ ಜನರ ಕಟ್ಟುಕಟ್ಟಳೆಗಳನ್ನು ಸಂಗ್ರಹಿಸಿ ಜನರ ಭಾಷೆಯಲ್ಲಿ ಬರೆದ. ಅದನ್ನು ಬರೆಯಲು ಒತ್ತಾಯಿಸಿದವನು ಕ್ವೆಡ್ಲಿನ್‌ಬುರ್ಗ್ ಮಠದ ರಕ್ಷಣೆಯ ಹೊಣೆ ಹೊತ್ತಿದ್ದ ಫಾಲ್ಕೆನ್‌ಷ್ಟೈನ್ ಕೌಂಟ್. ಅದರಲ್ಲಿ ನಾಣ್ಯದ ಬಗ್ಗೆಯೂ ಕಟ್ಟಳೆ ಇದೆ: ಹೊಸ ಒಡೆಯ ಬಂದಾಗ ಫೆನಿಗ್ ಬದಲಾಗಬೇಕು. ಒಡೆಯ ಬದಲಾದಾಗ, ಅಂದರೆ ಹತ್ತಿಪ್ಪತ್ತು ವರ್ಷಕ್ಕೊಮ್ಮೆ. ವಿಖ್‌ಮನ್‌ನ 40 ವರ್ಷಗಳಲ್ಲಿ, ವರ್ಷಕ್ಕೆರಡರಂತೆ, ಎಷ್ಟು ಸಲ ಬದಲಾಯಿತೆಂದು ಬಲ್ಲ ಸೀಮೆಯಲ್ಲಿ ಈ ಒಂದು ಸಾಲು ಬರೆಯಲು ಧೈರ್ಯ ಬೇಕಿತ್ತು.

ಗೋಸ್ಲರ್ ನನ್ನ ದಾರಿಯ ಕೊನೆಯ ಬೆಟ್ಟದೂರು. ಊರ ಹಿಂದಿನ ರಾಮೆಲ್ಸ್‌ಬರ್ಗ್ ಗುಡ್ಡದ ಹೊಟ್ಟೆಯೊಳಗಿನಿಂದ ಬೆಳ್ಳಿ ಬರುತ್ತಿತ್ತು. 10ನೆಯ ಶತಮಾನದ ಇತಿಹಾಸಕಾರ ವಿಡುಕಿಂಡ್ ಸ್ಯಾಕ್ಸನಿಯಲ್ಲಿ ಬೆಳ್ಳಿಯ ಸೆಲೆ ತೆರೆದುದನ್ನು ಬರೆದಿದ್ದಾನೆ, ಗಣಿಯ ಚರಿತ್ರೆ 968ರಿಂದ ಎಣಿಸುತ್ತಾರೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆದ ಗಣಿ 1988ರಲ್ಲಿ ಮುಚ್ಚಿತು. 1992ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಗೆ ಸೇರಿಸಿತು. ಮಾರ್ಗದರ್ಶಿಯ ಹಿಂದೆ ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಒಳಗೆ ಹೋದೆವು. ನೆಲದೊಳಗೇ ತಿರುಗುತ್ತಿದ್ದ ಮರದ ದೊಡ್ಡ ನೀರಚಕ್ರಗಳು, ಗೋಡೆಗಳ ಮೇಲೆ ಖನಿಜದ ಉಪ್ಪುಗಳು ಹರಿಸಿದ ಹಸಿರು, ನೀಲಿ, ಬಿಳಿ, ಕಂದು ಬಣ್ಣಗಳು. ನೀರನ್ನು ಹೊರಹಾಕಲು 12ನೆಯ ಶತಮಾನದಲ್ಲಿ ತೋಡಿದ ಸುರಂಗವೂ ಈ ಗುಡ್ಡದಲ್ಲಿದೆ. ಎರಡು ಹೆಗಲು ಹಿಡಿಸದಷ್ಟು ಇಕ್ಕಟ್ಟು. ಸುತ್ತಿಗೆ ಉಳಿಗಳಲ್ಲಿ ದಿನಕ್ಕೆ ಅಂಗುಲಗಳ ಲೆಕ್ಕದಲ್ಲಿ ಮುಂದೆ ಸಾಗಿದ ಕೆಲಸ ಅದು. ಅದಿರನ್ನು ಸುಟ್ಟು, ಸೀಸದ ಜೊತೆ ಕರಗಿಸಿ, ಗಾಳಿ ಊದಿ ಸೀಸವನ್ನು ಕಿಟ್ಟವಾಗಿಸಿ ಬೇರೆ ಮಾಡಿದರೆ ಕೊನೆಗೆ ಬೆಳ್ಳಿಯ ಹನಿ ಉಳಿಯುತ್ತಿತ್ತು. ಹಾರ್ಟ್ಸ್‌ನ ಎಷ್ಟೋ ಕಾಡು ಈ ಕುಲುಮೆಗಳಿಗೆ ಇದ್ದಿಲಾಯಿತು. ಈ ಗುಡ್ಡಕ್ಕಾಗಿ ದೊಡ್ಡವರೆಲ್ಲ ಕಚ್ಚಾಡಿದರು. ಇಟಲಿಯ ಯುದ್ಧಕ್ಕೆ ನೆರವು ಕೇಳಿದ ಬಾರ್ಬರೋಸನಿಗೆ ಡ್ಯೂಕ್ ಹೈನ್ರಿಖ್ ಬದಲಿಗೆ ಗೋಸ್ಲರನ್ನೇ ಕೇಳಿದನಂತೆ, ಚಕ್ರವರ್ತಿ ಕೊಡಲಿಲ್ಲ. 1168ರಲ್ಲಿ ಪೂರ್ವದ ಫ್ರೈಬರ್ಗ್‌ನಲ್ಲಿ ಇನ್ನೂ ಸಮೃದ್ಧವಾದ ಬೆಳ್ಳಿ ಸಿಕ್ಕಿತು. ಬಿಷಪ್ಪರ ಟಂಕಸಾಲೆಗಳಿಗೆ ಬೆಳ್ಳಿಯ ಬರವೇನೂ ಇರಲಿಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ಜನರ ಬೆಳ್ಳಿಯನ್ನು ವರ್ಷಕ್ಕೆರಡು ಸಲ ಕರಗಿಸಲೇಬೇಕಾದ ಅನಿವಾರ್ಯ ಗಣಿಗಿರಲಿಲ್ಲ, ಬೊಕ್ಕಸಕ್ಕಿತ್ತು.

20ನೆಯ ಶತಮಾನದಲ್ಲಿ ಸಿಲ್ವಿಯೊ ಗೆಸೆಲ್ ಎಂಬ ಚಿಂತಕನ ಅನುಯಾಯಿಗಳು ಈ ಪದ್ಧತಿಯನ್ನು ಹಾಡಿಹೊಗಳಿದರು. ಕೂಡಿಟ್ಟರೆ ಸವೆಯುವ ದುಡ್ಡನ್ನು ಜನ ಕೂಡಿಡುವುದಿಲ್ಲ, ಖರ್ಚು ಮಾಡುತ್ತಾರೆ, ಊರು ಬೆಳೆಯುತ್ತದೆ, ಆ ಕಾಲದ ಕೆಥೆಡ್ರಲ್ಲುಗಳು ಎದ್ದದ್ದು ಇದರಿಂದಲೇ ಎಂದು ವಾದಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಕೂಡಿಡಬಲ್ಲವರು ಬೆಳ್ಳಿ ಗಟ್ಟಿಯಲ್ಲಿ ಕೂಡಿಟ್ಟರು. ಸವೆದದ್ದು ಫೆನಿಗ್ಗನ್ನೇ ನಂಬಿದವರ ಗಂಟು. ಅದು ಅಷ್ಟು ಒಳ್ಳೆಯದಾಗಿದ್ದರೆ ಊರುಗಳು ಸಾಲಸೋಲ ಮಾಡಿ ಅದರಿಂದ ಬಿಡುಗಡೆ ಕೊಂಡುಕೊಳ್ಳುತ್ತಿರಲಿಲ್ಲ. 13ನೆಯ ಶತಮಾನದ ಕೊನೆಯಿಂದ ಒಂದೊಂದೇ ಊರು ಒಡೆಯರಿಗೆ ದೊಡ್ಡ ಮೊತ್ತ ತೆತ್ತು ಟಂಕಸಾಲೆಯ ಹಕ್ಕನ್ನು ಪಡೆಯತೊಡಗಿತು. ಬದಲಾಗದ ಆ ಹೊಸ ನಾಣ್ಯಕ್ಕೆ ಜನ ಇಟ್ಟ ಹೆಸರು ಶಾಶ್ವತ ಫೆನಿಗ್. ಬ್ರಾಂಡೆನ್‌ಬುರ್ಗಿನ ಊರುಗಳು 1369ರಲ್ಲಿ ಆ ಹಕ್ಕು ಪಡೆದವು. ಗೋಸ್ಲರಿನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಬ್ರೌನ್‌ಷ್ವೈಗ್ 1412ರಲ್ಲಿ.

ಬ್ರೌನ್‌ಷ್ವೈಗ್‌ನ ಹಳೆಯ ಮತ್ತು ಹೊಸ ಬ್ರಾಕ್ಟಿಯೇಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಡ್ಯೂಕ್ ಹೈನ್ರಿಖ್‌ನ ಕಾಲದ ಸಿಂಹ ಅಗಲವಾದ ಬೆಳ್ಳಿಯ ಮೇಲೆ ಕೇಸರ ಕೆದರಿ, ಸುತ್ತ ಗೋಪುರಗಳನ್ನು ಕಾಯುತ್ತ ನಿಂತಿದೆ. ಶಾಶ್ವತ ಫೆನಿಗ್ಗಿನ ಸಿಂಹ ಸಣ್ಣದು, ಒರಟು, ಒಂದರ ಹಾಗೆ ಇನ್ನೊಂದು. ಕೊರೆದವನಿಗೆ ಅವಸರವೂ ಇರಲಿಲ್ಲ, ಉತ್ಸಾಹವೂ ಇದ್ದಂತಿಲ್ಲ. ಆ ಸಿಂಹವನ್ನು ನೋಡಿ ನನಗೆ ಬೇಸರವಾಗಲಿಲ್ಲ. ಹೋದ ವರ್ಷದ ಸಿಂಹವನ್ನೇ ಈ ವರ್ಷ ಸಂತೆಗೆ ಒಯ್ದು ಪೂರಾ ಬೆಲೆಗೆ ಉಪ್ಪು ಕೊಳ್ಳಬಹುದಿತ್ತು.